ಕವಿತೆಯ ಬೀಗ

ಹೊಸ ಪಾಸ್‌ವರ್ಡ್ ಕೊಡಿರೆಂದು ಗಣಕಯಂತ್ರ ಕೇಳಿದಾಗಲೆಲ್ಲ ನನಗೆ ಎರಡನೆಯ ಮಹಾಯುದ್ಧದ ಬೇಹುಗಾರರ ನೆನಪಾಗುತ್ತದೆ. ನಮ್ಮ ತೊಡಕೇ ಅವರದೂ ಆಗಿತ್ತು: ಗುಟ್ಟು ತಮಗೆ ಮರೆಯಬಾರದು, ಹಗೆಗೆ ತಿಳಿಯಬಾರದು. ನಾವು ತಪ್ಪಿದರೆ ಹೋಗುವುದು ಹಣ. ಅವರು ತಪ್ಪಿದರೆ ಹೋಗುತ್ತಿದ್ದುದು ಪ್ರಾಣ.

ಜರ್ಮನರು ಆಕ್ರಮಿಸಿದ್ದ ಯೂರೋಪಿಗೆ ಬ್ರಿಟನ್ನಿನ ಎಸ್.ಓ.ಇ. ಎಂಬ ಗುಪ್ತ ಸಂಸ್ಥೆ ಕಳುಹಿಸುತ್ತಿದ್ದವರು ಒಂದೊಂದು ಕವಿತೆಯನ್ನು ಬಾಯಿಪಾಠ ಮಾಡಿರುತ್ತಿದ್ದರು. ಅದರಿಂದ ಐದು ಪದಗಳನ್ನು ಆರಿಸಿ, ಅವುಗಳ ಅಕ್ಷರಕ್ರಮವನ್ನು ಹಿಡಿದು ಸುದ್ದಿಯ ಅಕ್ಷರಗಳನ್ನು ಪಲ್ಲಟಮಾಡಬೇಕು. ಬೀಗದ ಕೈ ತಲೆಯೊಳಗೇ! ಆದರೆ ಕವಿತೆ ಹೆಸರಾಂತದ್ದಾದರೆ? ಒಂದು ಸುದ್ದಿಯನ್ನು ಒಡೆದ ಶತ್ರು ಪದಗಳ ಜಾಡುಹಿಡಿದು, ಕಪಾಟಿನ ಕವನಸಂಕಲನವನ್ನು ತೆರೆದು, ಮಿಕ್ಕ ಸುದ್ದಿಗಳನ್ನೂ ಓದಿಬಿಡಬಹುದು. 1942ರಲ್ಲಿ ಸಂಸ್ಥೆಯನ್ನು ಸೇರಿದ ಲಿಯೋ ಮಾರ್ಕ್ಸ್ ಇದನ್ನರಿತು, ಎಲ್ಲಿಯೂ ಅಚ್ಚಾಗದ ಕವಿತೆಗಳನ್ನು ತಾನೇ ಬರೆದುಕೊಟ್ಟ. ಬಳಿಕ, ರೇಷ್ಮೆಯ ಮೇಲೆ ಅಚ್ಚುಮಾಡಿದ, ಒಮ್ಮೆ ಬಳಸಿ ಕತ್ತರಿಸಿ ಸುಡುವ ಕೀಲಿಗಳನ್ನು ತಂದ.

ಬರೆದಿಡುವುದರಲ್ಲಿಯೂ ಕೇಡಿತ್ತು. ನಮ್ಮ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ ನೂರ್ ಇನಾಯತ್ ಖಾನ್ 1943ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸೆರೆಸಿಕ್ಕಾಗ, ಸುದ್ದಿಗಳ ಪ್ರತಿಗಳಿದ್ದ ಆಕೆಯ ಪುಸ್ತಕವೂ ಜರ್ಮನರ ಕೈಸೇರಿತು. ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುದ್ದಿ ಕಳುಹಿಸಿ ಅವರು ಇನ್ನೂ ಕೆಲವರನ್ನು ಬಲೆಗೆ ಕೆಡವಿದರು. 1944ರ ಸೆಪ್ಟೆಂಬರಿನಲ್ಲಿ ಡಾಖಾವ್ ಶಿಬಿರದಲ್ಲಿ ಆಕೆಯನ್ನು ಕೊಂದರು.

ನೆನಪಿನಲ್ಲಿಟ್ಟರೆ ಊಹೆಯ ಭಯ, ಬರೆದಿಟ್ಟರೆ ಲೂಟಿಯ ಭಯ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತೋರಿದ್ದು ಗಣಿತ. ಒಂದು ಪದದ ಬೆನ್ನಿಗೆ ಇನ್ನಾವ ಪದ ಬರುವ ಸಂಭವವೆಷ್ಟು ಎಂಬ ಲೆಕ್ಕದಿಂದಲೇ ಇಂಗ್ಲಿಷನ್ನು ಹೋಲುವ ಸಾಲುಗಳನ್ನು ಹೊಸೆಯಬಹುದೆಂದು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ತೋರಿಸಿದ. ಇಂಗ್ಲಿಷ್ ಬರಹದಲ್ಲಿ ಅಕ್ಷರವೊಂದಕ್ಕೆ ಸುಮಾರು ಒಂದು ‘ಬಿಟ್’, ಎಂದರೆ ನಾಣ್ಯವನ್ನು ಒಮ್ಮೆ ಚಿಮ್ಮಿದಷ್ಟು, ಅನಿಶ್ಚಯವಿದೆಯೆಂದು 1951ರಲ್ಲಿ ಅಂದಾಜುಮಾಡಿದ. ಉಳಿದುದನ್ನು ಭಾಷೆ ಬಲ್ಲವನು ಊಹಿಸುತ್ತಾನೆ. ಆ ಊಹೆ ನೆನಪಿಗೆ ಊರುಗೋಲು; ಕಳ್ಳನಿಗೆ ಏಣಿ. ಇಂಥದೇ ಲೆಕ್ಕದಿಂದ ಜನರ ಪಾಸ್‌ವರ್ಡುಗಳನ್ನು ಒಡೆಯಬಹುದೆಂದು ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಟಿಕೋವ್ 2005ರಲ್ಲಿ ತೋರಿಸಿದರು.

ಹಾಗಾದರೆ ಊರುಗೋಲನ್ನು ಉಳಿಸಿಕೊಂಡು ಏಣಿಯನ್ನು ಕಿತ್ತೆಸೆಯುವುದೆಂತು? ಆಯ್ಕೆಯನ್ನು ದಾಳಕ್ಕೆ ಬಿಡಬೇಕು. ಐದು ಸಲ ದಾಳವೆಸೆದು 7,776 ಪದಗಳ ಪಟ್ಟಿಯಿಂದ ಒಂದನ್ನು ಆರಿಸುವ ಕ್ರಮವನ್ನು ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಮುಂದಿಟ್ಟ. ಆದರೆ ಪದಗಳಿಗೆ ಒಂದಕ್ಕೊಂದು ನಂಟಿಲ್ಲ. ಅಲ್ಲಿ ಭಾಷೆಯ ಲೆಕ್ಕ ನೆರವಾಗುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ಯಂತ್ರವು ಹೊಂದುವ 16 ಪದಗಳನ್ನು ಮುಂದಿಡಲಿ. ಅವುಗಳಲ್ಲೊಂದನ್ನು ಅದೃಷ್ಟ ಆರಿಸಲಿ. ಪದಕ್ಕೆ ನಾಲ್ಕು ಬಿಟ್. 20 ಪದಗಳಿಗೆ 80. ಸಾಲುಗಳು ಹುಚ್ಚುಹುಚ್ಚಾಗಿದ್ದರೂ ವ್ಯಾಕರಣಬದ್ಧ, ನಾಲಗೆಗೆ ಸಲೀಸು. ಶತ್ರುವಿಗೆ ಇಡೀ ವಿಧಾನ ತಿಳಿದಿದ್ದರೂ ಬಿದ್ದ ದಾಳ ತಿಳಿಯದು. ಆದರೆ ಒಂದು ಎಚ್ಚರ: ಸಾಲು ಚೆನ್ನಾಗಿಲ್ಲವೆಂದು ಮತ್ತೆ ಮತ್ತೆ ದಾಳವೆಸೆಯಕೂಡದು, ಹಾಗೆಸೆದರೆ ಆರಿಸಿದವರು ನಾವೇ ಆದೆವು.

ಬೇಹುಗಾರರು ಕೆಟ್ಟದ್ದು ಕವಿತೆಯಿಂದಲ್ಲ. ಎಲ್ಲರೂ ಬಲ್ಲ ಕವಿತೆಯಿಂದ. ನಮ್ಮ ಬೀಗಕ್ಕೂ ಕವಿತೆಯೇ ಇರಲಿ, ಕವಿ ಮಾತ್ರ ದಾಳವಾಗಿರಲಿ.