ದಡ ಯಾರದು, ಮೀನು ಯಾರದು?

ಸಮುದ್ರ ಯಾರ ಸ್ವತ್ತು? ‘ಯಾರದೂ ಅಲ್ಲ’ ಎಂದು ನೀವು ಥಟ್ಟನೆ ಹೇಳಬಹುದು. ಸ್ವೀಡನ್ ದೇಶದ ಇತಿಹಾಸ ಈ ಉತ್ತರವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಅಲ್ಲಿ ಪರರ ಕಾಡಿನಲ್ಲಿ ಅಡ್ಡಾಡಲು, ಕಾಡುಹಣ್ಣು ಕೀಳಲು ಎಲ್ಲರಿಗೂ ಹಕ್ಕುಂಟು. ಈ ಔದಾರ್ಯ ಮೀನಿಗೆ ಅನ್ವಯಿಸುವುದಿಲ್ಲ. ದಡದಿಂದ ಸಾಮಾನ್ಯವಾಗಿ 300 ಮೀಟರ್‌ವರೆಗಿನ ಕಡಲು ಖಾಸಗಿ ನೀರು. ಕನಿಷ್ಠ 100 ಮೀಟರ್ ಉದ್ದದ ದ್ವೀಪಕ್ಕೂ ಇದೇ ಲೆಕ್ಕ. ಸಾವಿರಾರು ದ್ವೀಪಗಳಿರುವ ಸ್ಟಾಕ್‌ಹೋಮ್ ತೀರದಲ್ಲಿ ಇದರ ಪರಿಣಾಮವೇನೆಂದು ಯೋಚಿಸಿ. ರಜೆಯ ದಿನ ಗಾಳ ಹಿಡಿದು ಹೊರಟವನು ಎಷ್ಟೋ ಕಡೆ ಭೂಮಾಲೀಕನ ಅಪ್ಪಣೆ ಬೇಡಬೇಕಿತ್ತು.

1985ರಲ್ಲಿ ಕಾನೂನು ಬದಲಾಯಿತು. ಕರಾವಳಿಯ ಖಾಸಗಿ ನೀರಿನಲ್ಲೂ ಐದು ದೊಡ್ಡ ಸರೋವರಗಳಲ್ಲೂ ಕೈಗಾಳದ ಮೀನುಗಾರಿಕೆ ಎಲ್ಲರಿಗೂ ಮುಕ್ತವಾಯಿತು. ಭೂಮಾಲೀಕರು ಪ್ರತಿಭಟಿಸಿದರು. ಒಬ್ಬರ ದೂರು ಯುರೋಪಿನ ಮಾನವ ಹಕ್ಕುಗಳ ಆಯೋಗದವರೆಗೂ ಹೋಯಿತು. ಸರ್ಕಾರ ಸ್ವತ್ತನ್ನು ಕಸಿದುಕೊಂಡಿಲ್ಲ, ಅದರ ಬಳಕೆಯನ್ನು ನಿಯಂತ್ರಿಸಿದೆ ಅಷ್ಟೇ ಎಂದು ಆಯೋಗ 1989ರಲ್ಲಿ ದೂರನ್ನು ತಳ್ಳಿಹಾಕಿತು.

ಆದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. 1993ರ ಮೀನುಗಾರಿಕೆ ಕಾನೂನಿನ ಪ್ರಕಾರ ಕೈಗಾಳವೆಂದರೆ ದಾರವೂ ಹೆಚ್ಚೆಂದರೆ 10 ಕೊಕ್ಕೆಗಳೂ ಇರುವ ಸಾಧನ. ಬಲೆ ಇದರಲ್ಲಿ ಸೇರುವುದಿಲ್ಲ. ನೀರಿನಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವನಿಗೂ ಈ ರಿಯಾಯಿತಿ ಇಲ್ಲ. ಖಾಸಗಿ ನೀರಾದರೆ ಅವನು ಇಂದಿಗೂ ಹಕ್ಕುದಾರನ ಅಪ್ಪಣೆ ಕೇಳಬೇಕು.

ಹಕ್ಕು ಹಂಚುವಾಗ ಕಾನೂನು ‘ಯಾರು’ ಎಂದಷ್ಟೇ ಅಲ್ಲ, ‘ಯಾವುದರಿಂದ’ ಎಂದೂ ಕೇಳುತ್ತದೆ. ಮುಂದೆ ಭೂಪಟದಲ್ಲಿ ಸ್ವೀಡನ್ನಿನ ಕರಾವಳಿಯನ್ನು ನೋಡುವಾಗ, ಪಟದಲ್ಲಿ ಕಾಣದ ಆ 300 ಮೀಟರ್‌ಗಳ ಗೆರೆಯನ್ನೂ ನೆನಪಿಸಿಕೊಳ್ಳಿ.