ಕೇಳುವ ಆಸೆ

ನಮ್ಮ ಮನೆಯ ಗೋಡೆ ಬೀರುವಿನಲ್ಲಿ, ಅಜ್ಜಿಯ ಸತ್ಯವೇದದ ಪಕ್ಕಕ್ಕೆ, ಗೇಣುದ್ದದ ಒಂದು ಮರದ ಕೊಳವೆ ಇದೆ. ಒಂದು ತುದಿ ತುತ್ತೂರಿಯ ಬಾಯಿಯಂತೆ ಅಗಲ. ಇನ್ನೊಂದು ತುದಿಗೆ ಕಿವಿ ಆನಿಸಲು ಚಪ್ಪಟೆ ಬಿಲ್ಲೆ. ಚಿಕ್ಕಂದಿನಲ್ಲಿ ನಾವು ಮೊಮ್ಮಕ್ಕಳೆಲ್ಲ ಅದನ್ನು ಊದಲು ಹೋಗಿ ಬೈಸಿಕೊಂಡಿದ್ದೇವೆ. ಬಸುರಿಯ ಹೊಟ್ಟೆಯ ಮೇಲೆ ಅಗಲ ಬಾಯಿ ಊರಿ, ಬಿಲ್ಲೆಗೆ ಕಿವಿ ಹಚ್ಚಿ, ಒಳಗಿನ ಮಗುವಿನ ಎದೆಬಡಿತ ಎಣಿಸುವ ಸಾಧನ ಅದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪಿನಾರ್ ಎಂಬ ಫ್ರೆಂಚ್ ವೈದ್ಯ ರೂಪಿಸಿದ್ದು. ಕರೆಂಟು ಬೇಡ, ಬ್ಯಾಟರಿ ಬೇಡ.

ಚಿಕ್ಕಪ್ಪನ ಮಗಳು ನರ್ಸಿಂಗ್ ಸೇರಿದ ವರ್ಷ ಅಜ್ಜಿ ಅದನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗೆ ಕೊಟ್ಟಳು. ಆಗ ಏಳು ತಿಂಗಳಾಗಿದ್ದ ನನ್ನ ಅತ್ತಿಗೆಯನ್ನು ಮಂಚದ ಮೇಲೆ ಮಲಗಿಸಿ, ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ಅಂಗೈಯಿಂದ ತಡವಿ ನೋಡಿ, ಅಲ್ಲಿ ಕೊಳವೆ ಊರಿಸಿದಳು. ಹುಡುಗಿ ಕಿವಿ ಹಚ್ಚಿ, ಕೊಳವೆ ಜಾರದಂತೆ ಬೆರಳಲ್ಲಿ ಹಿಡಿದುಕೊಂಡಳು. ಅಜ್ಜಿ ಆ ಬೆರಳನ್ನು ಒಂದೊಂದಾಗಿ ಬಿಡಿಸಿದಳು. "ಕಿವಿ ಊರಿದ ಮೇಲೆ ಕೈ ಬಿಟ್ಬಿಡಬೇಕು ಕಣೇ. ಹಿಡ್ಕೊಂಡ್ರೆ ನಿನ್ನ ಕೈಯೇ ಕೇಳ್ಸುತ್ತೆ, ಮಗು ಕೇಳ್ಸಲ್ಲ." ಬಿಟ್ಟ ಕೈಯನ್ನು ಅತ್ತಿಗೆಯ ಮಣಿಕಟ್ಟಿನ ಮೇಲೆ ಇಡಿಸಿದಳು. ತಾಯಿಯ ನಾಡಿಯನ್ನೇ ಮಗುವಿನದೆಂದು ಎಣಿಸಿಬಿಡಬಾರದಲ್ಲ, ಅದಕ್ಕೆ. ಫ್ಯಾನು ಆರಿಸಿದೆವು. ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋಗುವವರೆಗೂ ಕಾದೆವು. ಆಮೇಲೆ ಆ ಹುಡುಗಿಯ ಮುಖದಲ್ಲಿ ಅರಳಿದ್ದನ್ನು ನಾನು ಮರೆತಿಲ್ಲ.

ಅಜ್ಜಿ ತನ್ನ ಕೆಲಸವನ್ನು ಕರೆಯುತ್ತಿದ್ದದ್ದು ಡ್ಯೂಟಿ ಎಂದು. ಊರಿಗೆ ಅವಳು ಸಿಸ್ಟರಮ್ಮ. ಸಭಾಪಾಲಕರ ಬಾಯಲ್ಲಿ ಅದು ಸೇವೆ. ನಿವೃತ್ತಿಯ ದಿನ ಕೊಟ್ಟ ಮಾನಪತ್ರದಲ್ಲಿ ಮಾತ್ರ ಇನ್ನೊಂದು ಪದ ಇತ್ತು: 'ಮೂವತ್ತಾರು ವರ್ಷಗಳ ನಿಮ್ಮ ಶುಶ್ರೂಷೆ.' ಅಜ್ಜಿ ಅದನ್ನು ಓದಿ, "ಈ ಮಾತು ಹೇಳೋಕೇ ನಾಲಿಗೆ ಹೊರಳಲ್ಲ" ಎಂದು ಪಕ್ಕಕ್ಕಿಟ್ಟಿದ್ದಳು. ನಿಜ, ಅದು ತೊಡಕಿನ ಪದ. ಎರಡು ಬಗೆಯ ಶಕಾರ, ನಡುವೆ ರಕಾರದ ಒತ್ತು. ಬರೆಯುವವರು 'ಸುಶ್ರೂಷೆ' ಎಂದು ಬರೆಯುವುದೂ ಉಂಟು. 'ಸು' ಎಂದರೆ ಒಳ್ಳೆಯದು ತಾನೇ, ಒಳ್ಳೆಯ ಕೆಲಸಕ್ಕೆ ಅದೇ ಇರಬೇಕು ಎಂದು ಮನಸ್ಸು ಹೋಗುತ್ತದೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಪದವನ್ನು ಬಿಡಿಸಿದರೆ ಒಳಗೆ ಸಿಗುವುದು 'ಶ್ರು' ಧಾತು. ಶ್ರವಣ, ಶ್ರೋತೃ, ಶ್ರುತಿ ಎಲ್ಲಿಂದ ಬಂದವೋ ಅಲ್ಲಿಂದಲೇ ಇದೂ ಬಂದಿದೆ. ಆಸೆಯನ್ನು ಹೇಳಬೇಕಾದಾಗ ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸುವ ಅಚ್ಚೊಂದು ಸಂಸ್ಕೃತದಲ್ಲಿದೆ. ವ್ಯಾಕರಣದವರು ಸನ್ನಂತ ಎನ್ನುತ್ತಾರೆ. ತಿಳಿಯುವ ಆಸೆ ಜಿಜ್ಞಾಸೆ, ಕುಡಿಯುವ ಆಸೆ ಪಿಪಾಸೆ, ಉಣ್ಣುವ ಆಸೆ ಬುಭುಕ್ಷೆ, ಬಿಡುಗಡೆಗೆ ಹಂಬಲಿಸುವವನು ಮುಮುಕ್ಷು. ಅದೇ ಅಚ್ಚಿನಲ್ಲಿ ಎರೆದದ್ದು ಶುಶ್ರೂಷೆ. ಕೇಳುವ ಆಸೆ. ಅಷ್ಟೇ ಅದರ ಮೊದಲ ಅರ್ಥ. ಮಾತ್ರೆ, ಗಾಯ, ಬ್ಯಾಂಡೇಜು ಯಾವುದೂ ಅಲ್ಲಿಲ್ಲ.

ಚಿಕಿತ್ಸೆ ಎಂಬ ಪದವೂ ಇದೇ ಅಚ್ಚಿನದು, 'ಕಿತ್' ಧಾತುವಿನಿಂದ ಬಂದದ್ದು. ಅದರಲ್ಲಿ ಆಸೆಯ ಅರ್ಥ ಬಹಳ ಹಿಂದೆಯೇ ಅಳಿಸಿಹೋಯಿತು, ಆಕಾರ ಮಾತ್ರ ಉಳಿಯಿತು. ವೈದ್ಯರ ಕೆಲಸದ ಹೆಸರೂ ದಾದಿಯ ಕೆಲಸದ ಹೆಸರೂ ವ್ಯಾಕರಣದಲ್ಲಿ ಒಡಹುಟ್ಟಿದವರು. ಆಸ್ಪತ್ರೆಯೊಳಗೆ ಬಂದಾಗ ಒಬ್ಬರು ಮೇಲಾದರು, ಒಬ್ಬರು ಕೆಳಗಾದರು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬುದ್ಧಿಯ ಗುಣಗಳನ್ನು ಎಣಿಸುವಾಗ ಮೊದಲು ಬರುವುದು ಶುಶ್ರೂಷೆ, ಅದಾದ ಮೇಲೆ ಶ್ರವಣ. ಆಮೇಲೆ ಗ್ರಹಿಸುವುದು, ನೆನಪಿನಲ್ಲಿಡುವುದು ಮುಂತಾದವು. ಶ್ರವಣಕ್ಕಿಂತ ಮುಂಚೆ ಶುಶ್ರೂಷೆ! ಕಿವಿ ಇದ್ದ ಮಾತ್ರಕ್ಕೆ ಕೇಳಿಸುವುದಿಲ್ಲ, ಕೇಳಬೇಕೆಂಬುದು ಮೊದಲು ಹುಟ್ಟಬೇಕು. ಈ ಕ್ರಮವನ್ನು ಓದಿದ ದಿನ ನನಗೆ ನೆನಪಾದದ್ದು ಫ್ಯಾನು ಆರಿಸಿದ ಕೋಣೆ.

ಆದರೆ ಪದಗಳು ಹುಟ್ಟಿದಲ್ಲೇ ಇರುವುದಿಲ್ಲ. ಗುರುವಿನ ಮಾತು ಕೇಳುವ ಆಸೆಯುಳ್ಳವನು ಗುರುವಿನ ಮನೆಯಲ್ಲಿ ಉಳಿದ. ಉಳಿದವನು ನೀರು ತಂದ, ಸೌದೆ ತಂದ, ಕಾಲೊತ್ತಿದ. ಕೇಳುವ ಆಸೆ ಹೀಗೆ ಹೇಳಿದ್ದನ್ನು ಮಾಡುವ ವಿಧೇಯತೆಯಾಯಿತು, ವಿಧೇಯತೆ ಊಳಿಗವಾಯಿತು. ಮನುಸ್ಮೃತಿಯ ಹೊತ್ತಿಗೆ ಶೂದ್ರನಿಗೆ ವಿಧಿಸಿದ ಒಂದೇ ಕೆಲಸ ಉಳಿದ ಮೂರು ವರ್ಣದವರ ಶುಶ್ರೂಷೆ. ಹೆಂಡತಿಗೆ ಪತಿಶುಶ್ರೂಷೆ. ಇಷ್ಟು ಚೆಲುವಾದ ಮಾತನ್ನು ಇಷ್ಟು ಕಠಿಣವಾದ ನೊಗಕ್ಕೆ ಕಟ್ಟಿದ್ದು ನನಗೆ ಇವತ್ತಿಗೂ ಸಂಕಟದ ಸಂಗತಿ. ನಮ್ಮ ವಾರ್ಡುಗಳಲ್ಲಿ "ಏ ಸಿಸ್ಟರ್, ಬಾ ಇಲ್ಲಿ" ಎಂಬ ದನಿ ಕೇಳಿದಾಗಲೆಲ್ಲ ಆ ಎರಡನೆಯ ಅರ್ಥ ಇನ್ನೂ ಸತ್ತಿಲ್ಲ ಅನಿಸುತ್ತದೆ.

ಕನ್ನಡದ 'ಕೇಳು' ಇಲ್ಲಿ ಸಂಸ್ಕೃತಕ್ಕಿಂತ ದೊಡ್ಡ ಮನಸ್ಸಿನದು. ಹಾಡು ಕೇಳು, ದಾರಿ ಕೇಳು, ಸಾಲ ಕೇಳು, ಹೇಳಿದ ಮಾತು ಕೇಳು. ಆಲಿಸುವುದು, ವಿಚಾರಿಸುವುದು, ಬೇಡುವುದು, ವಿಧೇಯವಾಗಿರುವುದು ನಾಲ್ಕನ್ನೂ ಒಂದೇ ಪದ ಹೊತ್ತಿದೆ. ಒಳ್ಳೆಯ ನರ್ಸು ರೋಗಿಯನ್ನು ಕೇಳುತ್ತಾಳೆ ಎಂದರೆ ಆಲಿಸುತ್ತಾಳೆ, ವಿಚಾರಿಸುತ್ತಾಳೆ, ಎರಡೂ ಹೌದು. ವಿಧೇಯತೆಯ ಮಾತಿಗೆ ಬಂದರೆ ಚರಕಸಂಹಿತೆಯಲ್ಲಿ ಒಂದು ವಿಷಯವಿದೆ. ಚಿಕಿತ್ಸೆಗೆ ನಾಲ್ಕು ಪಾದ: ವೈದ್ಯ, ಔಷಧ, ಉಪಚರಿಸುವವನು, ರೋಗಿ. ಒಂದೊಂದಕ್ಕೆ ನಾಲ್ಕು ಗುಣ. ಉಪಚರಿಸುವವನಲ್ಲಿ ಇರಬೇಕಾದವು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ಹೇಳಿದಂತೆ ಕೇಳುವ ಗುಣವನ್ನು ಚರಕ ಇಟ್ಟಿರುವುದು ರೋಗಿಯ ಪಟ್ಟಿಯಲ್ಲಿ! ಅದೇ ಪಟ್ಟಿಯಲ್ಲಿ ತನಗೇನಾಗುತ್ತಿದೆ ಎಂದು ತಿಳಿಸಿ ಹೇಳುವ ಶಕ್ತಿಯೂ ಇದೆ. ರೋಗಿ ಹೇಳಬಲ್ಲವನಾಗಬೇಕು ಎಂದ ಮೇಲೆ ಮಂಚದ ಬಳಿ ಕೇಳುವವರೊಬ್ಬರು ಇರಲೇಬೇಕಲ್ಲ.

ಬೇರೆ ಪದಗಳೂ ಇವೆ. ದಾದಿ ಎಂಬುದು 'ಧಾತ್ರಿ'ಯ ತದ್ಭವ, ಮೊಲೆಯೂಡುವ ಸಾಕುತಾಯಿ. ಇಂಗ್ಲಿಷಿನ ನರ್ಸ್ ಕೂಡ ಹಾಲೂಡಿಸಿ ಪೋಷಿಸುವ ಅರ್ಥದಿಂದಲೇ ಹೊರಟದ್ದು. ಪರಿಚಾರಿಕೆ ಸುತ್ತ ಓಡಾಡುವವಳು, ಉಪಚಾರ ಹತ್ತಿರ ಸುಳಿಯುವುದು. ನನಗೆ ಇವೆಲ್ಲಕ್ಕಿಂತ ಇಷ್ಟ ಆರೈಕೆ. ಹಳಗನ್ನಡದ 'ಆರಯ್' ಎಂದರೆ ಹುಡುಕಿ ನೋಡು, ಪರೀಕ್ಷಿಸು, ವಿಚಾರಿಸು. ಇವತ್ತಿಗೂ ನಾವು "ಅಮ್ಮನ್ನ ಯಾರು ನೋಡ್ಕೋತಿದಾರೆ?" ಎನ್ನುತ್ತೇವೆ. ಸಂಸ್ಕೃತ ಕಿವಿಯಿಂದ ಹೊರಟಿತು, ಕನ್ನಡ ಕಣ್ಣಿನಿಂದ. ರೋಗಿಯ ಬಳಿ ಎರಡೂ ಬೇಕು.

ಮೇ 12, ದಾದಿಯರ ದಿನ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ನಾವು ಅವರ ಕೈಯಲ್ಲಿ ಸದಾ ದೀಪ ಇಡುತ್ತೇವೆ. 1859ರಲ್ಲಿ ಶುಶ್ರೂಷೆಯ ಬಗ್ಗೆ ಅವರು ಬರೆದ ಪುಟ್ಟ ಪುಸ್ತಕದಲ್ಲಿ ಸದ್ದಿಗೇ ಒಂದು ಅಧ್ಯಾಯವಿದೆ. ರೋಗಿಯ ಕೋಣೆಯ ಹೊರಗೆ ನಿಂತು ಪಿಸುಗುಡುವುದು ಎಂಥ ಕ್ರೌರ್ಯ ಎಂದು ಅವರು ಅಲ್ಲಿ ಸಿಟ್ಟಿನಿಂದಲೇ ಹೇಳುತ್ತಾರೆ. ಕಿವಿಯ ಹೆಂಗಸು ಅವರು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಹೊಸದಾಗಿ ಕಲಿಸಿದ್ದರಲ್ಲಿ ಮಿಷನ್ ಆಸ್ಪತ್ರೆಗಳ ಪಾಲು ದೊಡ್ಡದು. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮೈಸೂರಿನ ಹೋಲ್ಡ್ಸ್‌ವರ್ತ್ 1906ರದು, ಉಡುಪಿಯ ಲೊಂಬಾರ್ಡ್ 1923ರದು. ಮೈಸೂರಿನವರಿಗೆ ಇವತ್ತಿಗೂ ಹೋಲ್ಡ್ಸ್‌ವರ್ತ್ ಎಂದರೆ ಗೊತ್ತಾಗದಿರಬಹುದು, ಮಿಷನ್ ಆಸ್ಪತ್ರೆ ಎಂದರೆ ಆಟೋದವರು ಮರುಮಾತಿಲ್ಲದೆ ಬಿಡುತ್ತಾರೆ. ಮೈಲಿಗೆ ಮುಟ್ಟಬೇಕು, ರಾತ್ರಿ ಪಾಳಿ ಮಾಡಬೇಕು ಎಂದು ಅನೇಕ ಮನೆಗಳು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ನಮ್ಮಜ್ಜಿಯಂಥ ಹಳ್ಳಿಯ ಕ್ರೈಸ್ತ ಹುಡುಗಿಯರು ಬಂದರು. ಅವಳ ಅಪ್ಪ ಸಭೆಯ ಉಪದೇಶಿ. ಟ್ರಂಕಿನಲ್ಲಿ ಎರಡು ಸೀರೆ, ಸತ್ಯವೇದ, ಒಂದು ಡಬ್ಬಿ ಹುರಿಹಿಟ್ಟು. 1950ರ ದಶಕ. ಗಾಜಿನ ಸಿರಿಂಜು ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕು. ಬಳಸಿದ ಬ್ಯಾಂಡೇಜು ಒಗೆದು, ಒಣಗಿಸಿ, ಮತ್ತೆ ಸುತ್ತಿಡಬೇಕು. ಏಳಲಾಗದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಬೆನ್ನಿಗೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕಬೇಕು.

ಮಗ್ಗುಲು ಎಂದಾಗ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ನೆನಪಾಗುತ್ತಾರೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಭೀಕರ ದಾಳಿಯಿಂದ ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಹಾಸಿಗೆಯಲ್ಲಿದ್ದರು. ನಲವತ್ತೊಂದು ವರ್ಷಕ್ಕೂ ಮೀರಿ. ಆ ಆಸ್ಪತ್ರೆಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ಒಪ್ಪಿಸಿಕೊಂಡು ನೋಡಿಕೊಂಡರು. ದಾಳಿ ನಡೆದಾಗ ಹುಟ್ಟೇ ಇರದಿದ್ದ ಹುಡುಗಿಯರೂ ಅವರಿಗೆ ಉಣಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ನರ್ಸುಗಳು ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡುವ ಹತ್ತಿರದವರು ಕೆಇಎಂ ಸಿಬ್ಬಂದಿಯೇ ಎಂದು 2011ರ ಮಾರ್ಚಿನಲ್ಲಿ ಕೋರ್ಟು ಹೇಳಿತು. ದಯಾಮರಣದ ಪ್ರಶ್ನೆಯಲ್ಲಿ ಯಾವ ಪಕ್ಷ ಸರಿ ಎಂದು ನಾನು ವಾದಿಸಲಾರೆ. ಮಾತು ಸತ್ತ ಒಂದು ದೇಹದಲ್ಲಿ ಊಟ ರುಚಿಸಿದ್ದು, ರುಚಿಸದ್ದು, ಸದ್ದಿಗೆ ಬೆದರಿದ್ದು ಇವನ್ನೆಲ್ಲ ಅಷ್ಟು ವರ್ಷ ಆಲಿಸಿದರಲ್ಲ, ಶುಶ್ರೂಷೆಗೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈಚೆಗೆ ಸರ್ಕಾರಿ ಕಾಗದಗಳಲ್ಲಿ ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಬಂದಿದೆ. ಪದ ಉದ್ದವಾಯಿತು ಎನ್ನುವವರಿದ್ದಾರೆ. ನನಗೆ ಸಂತೋಷ. ಕೇಳುವುದೂ ಒಂದು ಅಧಿಕಾರ ಎಂದು ಕಾಗದವಾದರೂ ಒಪ್ಪಿತಲ್ಲ.

ಮನೆಯಲ್ಲಿ ಅಜ್ಜಿ ಹೇಗಿದ್ದಳು ಎಂದು ಕೇಳಿದರೆ ಅಮ್ಮನ ಉತ್ತರ ನೇರ. "ವಾರ್ಡಲ್ಲಿ ಯಾರು ನರಳಿದ್ರೂ ಕೇಳ್ಸೋದು. ನಾವು ಅತ್ರೆ ಕೇಳ್ಸಕ್ಕೆ ಅವ್ಳು ಮನೇಲಿರ್ತಿದ್ರೆ ತಾನೆ?" ವಾರಗಟ್ಟಲೆ ರಾತ್ರಿ ಪಾಳಿ, ಹಗಲು ನಿದ್ದೆ. ಐದು ಮಕ್ಕಳಲ್ಲಿ ದೊಡ್ಡವಳಾದ ಅಮ್ಮನೇ ಉಳಿದ ನಾಲ್ವರ ತಲೆ ಬಾಚಿದ್ದು. ಆ ನೋವು ನಿಜವಾದದ್ದು, ಅಜ್ಜಿಯ ಮೇಲಿನ ಪ್ರೀತಿಯಿಂದ ನಾನು ಅದನ್ನು ಮುಚ್ಚಲಾರೆ. ಅಜ್ಜಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ನಿವೃತ್ತಿಯಾದ ಮೇಲೆ ಅಮ್ಮ ಏನಾದರೂ ಹೇಳಲು ಅಡುಗೆಮನೆಗೆ ಬಂದರೆ ಅಜ್ಜಿ ಕುಕ್ಕರಿನ ಉರಿ ಆರಿಸುತ್ತಿದ್ದಳು, ನಲ್ಲಿ ನಿಲ್ಲಿಸುತ್ತಿದ್ದಳು, ಕೈ ಒರೆಸಿಕೊಂಡು ಮಣೆಯ ಮೇಲೆ ಕೂರುತ್ತಿದ್ದಳು. ಅನ್ನ ಅರ್ಧಕ್ಕೇ ನಿಂತ ದಿನಗಳೂ ಇವೆ.

ಮನೆಗೆ ಯಜಮಾನಿ ಅವಳೇ. ತಮ್ಮಂದಿರ ಫೀಸು, ತಂಗಿಯ ಮದುವೆ, ಸೈಟಿನ ಕಂತು ಎಲ್ಲ ಅವಳ ಸಂಬಳದಲ್ಲಿ ಆಗಿತ್ತು. ಆದರೂ ಮನೆಯ ದೊಡ್ಡ ತೀರ್ಮಾನಗಳ ದಿನ ಅವಳ ಮಾತು ಎಲ್ಲರಿಗಿಂತ ಕೊನೆಗೆ ಬರುತ್ತಿತ್ತು. ರಾತ್ರಿ ಪ್ರಾರ್ಥನೆಯಲ್ಲಿ ತಾತ ಗಟ್ಟಿಯಾಗಿ ಹೆಸರು ಹೆಸರು ಹಿಡಿದು ಬೇಡುತ್ತಿದ್ದರು. ಅಜ್ಜಿ ಆಮೆನ್ ಆದ ಮೇಲೂ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಿದ್ದೆ ಬಂತೇನೋ ಎಂದು ನಾವು ಅಲುಗಾಡಿಸಿದರೆ ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎನ್ನುವಳು.

ಎಂಬತ್ತು ದಾಟಿದ ಮೇಲೆ ಕಿವಿ ಹೋಯಿತು. ಯಂತ್ರ ತಂದುಕೊಟ್ಟೆವು, ಗೊಂಯ್ ಅನ್ನುತ್ತೆ ಎಂದು ತೆಗೆದಿಟ್ಟಳು. ಫೋನಿನಲ್ಲಿ ಮಾತು ನಿಂತಿತು. ಆರಾಧನೆಯಲ್ಲಿ ಪಕ್ಕದವರ ತುಟಿ ನೋಡಿ ಹಾಡುತ್ತಿದ್ದಳು, ಒಂದು ಸಾಲು ಹಿಂದೆ. ಕೊನೆಯ ಬೇಸಿಗೆಯಲ್ಲಿ ನಾನು ಬೆಂಗಳೂರಿನಿಂದ ಬಸ್ಸಿಳಿದು ಮಧ್ಯಾಹ್ನದ ಬಿಸಿಲಲ್ಲಿ ಹೋದೆ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಏನೇನೋ ಜೋರಾಗಿ ಹೇಳಿದೆ. ಅವಳು ತಲೆಯಾಡಿಸಿ ನನ್ನ ಕೈ ಎಳೆದುಕೊಂಡಳು. ಮೂರು ಬೆರಳು ಮಣಿಕಟ್ಟಿನ ಮೇಲೆ ಬಂದು ಕೂತವು, ಹೆಬ್ಬೆರಳು ದೂರ. ಎದುರು ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲೆ ಕಣ್ಣಿಟ್ಟು ಸದ್ದಿಲ್ಲದೆ ತುಟಿ ಆಡಿಸತೊಡಗಿದಳು. ಪೂರ್ತಿ ಒಂದು ನಿಮಿಷ. ನಾನು ಮಾತು ನಿಲ್ಲಿಸಿದೆ.

"ತೊಂಬತ್ತೆರಡು," ಎಂದಳು. ಆಮೇಲೆ, "ಬಸ್‌ಸ್ಟ್ಯಾಂಡಿಂದ ನಡ್ಕೊಂಡೇ ಬಂದ್ಯಾ? ಮೊದ್ಲು ಹೋಗಿ ನೀರು ಕುಡಿ."