ಚಂದ್ರನ ಮೇಲಿನ ಉಲ್ಕಾಘಾತ
ಅಂತರಿಕ್ಷದ ಶಿಲಾಕಾಯಗಳು ಚಂದ್ರನ ನೆಲಕ್ಕೆ ಅಪ್ಪಳಿಸುವ ಕ್ರಿಯೆಯೇ ಚಂದ್ರನ ಮೇಲಿನ ಉಲ್ಕಾಘಾತ. ಭೂಮಿಯತ್ತ ಬರುವ ಸಣ್ಣ ಕಾಯಗಳು ವಾಯುಮಂಡಲದಲ್ಲಿಯೇ ಉರಿದುಹೋಗುತ್ತವೆ. ಚಂದ್ರನಿಗೆ ಆ ರಕ್ಷಣೆಯಿಲ್ಲ. 2013ರ ಮಾರ್ಚ್ 17ರಂದು ಸುಮಾರು 40 ಕಿಲೋಗ್ರಾಂ ತೂಕದ, ಅರ್ಧ ಮೀಟರಿಗೂ ಕಿರಿದಾದ ಕಲ್ಲೊಂದು ಗಂಟೆಗೆ ಸುಮಾರು 90,000 ಕಿ.ಮೀ. ವೇಗದಲ್ಲಿ ಮೇರ್ ಇಂಬ್ರಿಯಂ ಬಯಲಿಗೆ ಬಡಿಯಿತು. ಆಗ ಹೊಮ್ಮಿದ ಬೆಳಕು ಬರಿಗಣ್ಣಿಗೆ ಕಾಣುವಷ್ಟು ಪ್ರಖರವಾಗಿತ್ತು. ಅದು ದಹನದ ಜ್ವಾಲೆಯಲ್ಲ, ಏಕೆಂದರೆ ಅಲ್ಲಿ ಉರಿಯಲು ಗಾಳಿಯೇ ಇಲ್ಲ. ಚಲನಶಕ್ತಿಯು ಶಾಖವಾಗಿ ಮಾರ್ಪಟ್ಟು, ಶಿಲೆ ಕರಗಿ ಆವಿಯಾದಾಗ ಉಂಟಾದ ಹೊಳಪು. ನಾಸಾದ ಲೂನಾರ್ ರಿಕಾನಿಸನ್ಸ್ ಆರ್ಬಿಟರ್ ನೌಕೆಯ ಹಳೆಯ ಹಾಗೂ ಹೊಸ ಚಿತ್ರಗಳನ್ನು ಹೋಲಿಸಿದಾಗ ಅಲ್ಲಿ ಸುಮಾರು 18 ಮೀಟರ್ ವ್ಯಾಸದ ಹೊಸ ಕುಳಿ ಕಂಡುಬಂದಿತು. ಕುಳಿಗಿಂತಲೂ ಗಮನಾರ್ಹವಾದುದು ಅದರಿಂದ ಸಿಡಿದ ಧೂಳು ಮತ್ತು ಕಲ್ಲುಚೂರು. ಹಲವು ಕಿಲೋಮೀಟರ್ ದೂರದವರೆಗೂ ನೆಲದ ಮೇಲ್ಪದರ ಕದಡಿಹೋಗಿತ್ತು. ಚಂದ್ರನಲ್ಲಿ ನೆಲೆ ನಿರ್ಮಿಸುವವರು ಅಪರೂಪದ ನೇರ ಹೊಡೆತದ ಜೊತೆಗೆ ಈ ಸಿಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.